ಅನುಷ್ಕಾಳಿಗೆ ಏನೂ ಬೇಡವಂತೆ

"ನಮ್ಮ ಅನುಷ್ಕಾಳಿಗೆ ಏನೂ ಬೇಡ" ಎಂಬ ಮಾತನ್ನು ಹತ್ತು ವರ್ಷಗಳಿಂದ ಕೇಳುತ್ತಾ ಬಂದಿದ್ದೇನೆ. ಮದುವೆಮನೆಯಲ್ಲಿ, ಸತ್ಯನಾರಾಯಣ ಪೂಜೆಯಲ್ಲಿ, ಲೋಕಲ್ ಟ್ರೈನಿನಲ್ಲಿ, ಎಲ್ಲಿ ನಾಲ್ಕು ಜನ ನೆಂಟರು ಸೇರಿದರೂ ಈ ಮಾತು ಬಂದೇ ಬರುತ್ತದೆ. ಹೇಳುವವರಿಗೆ ಹೆಮ್ಮೆ, ಕೇಳುವವರಿಗೆ ಹೊಟ್ಟೆಕಿಚ್ಚು. "ಪುಣ್ಯ ಮಾಡಿದ್ದೀರಿ ಮಾರಾಯ್ರೆ, ನಮ್ಮ ಮನೆಯಲ್ಲಿ ಉಂಟಲ್ಲ ಒಂದು, ದಿನಕ್ಕೊಂದು ಬೇಡಿಕೆ" ಎನ್ನುತ್ತಾರೆ. ಈಗ ಈ ಹೊಗಳಿಕೆ ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ. ಹಾಗೆ ಹೊಗಳಿದವರಲ್ಲಿ ಮೊದಲಿಗ ನಾನೇ ಎಂಬುದು ನೆನಪಾದರೆ ಇನ್ನೂ ಹೆಚ್ಚು ಉರಿಯುತ್ತದೆ.

ಅನುಷ್ಕಾ ನನ್ನ ತಂಗಿ ಜಯಲತಾಳ ಮಗಳು, ಹದಿನಾರು ವರ್ಷ. ನಾನು ಕಮಲಾಕ್ಷ, ಮುಂಬಯಿ ಹತ್ತಿರದ ಕಲ್ಯಾಣದಲ್ಲಿ ಒಂದು ಸಾಗಾಟ ಕಂಪನಿಯ ಗುಮಾಸ್ತ. ಉಡುಪಿ ಕಡೆಯ ನಮ್ಮಲ್ಲಿ ಸೋದರಮಾವನೆಂದರೆ ಮಕ್ಕಳ ಮೇಲೆ ಅರ್ಧ ಅಧಿಕಾರ. ಆ ಅಧಿಕಾರವನ್ನು ನಾನು ಚೆನ್ನಾಗಿಯೇ ಚಲಾಯಿಸಿದ್ದೇನೆ. ಅದರಿಂದ ಆ ಹುಡುಗಿಗೆ ಆದ ಉಪಕಾರ ಮಾತ್ರ ಸೊನ್ನೆ.

ಅನುಷ್ಕಾಳ ಕಥೆ ಹೇಳಬೇಕಾದರೆ ಅವಳ ಅಣ್ಣ ರಂಜನ್‌ನಿಂದ ಶುರು ಮಾಡಬೇಕು. ಅವನು ಅವಳಿಗಿಂತ ಆರು ವರ್ಷ ದೊಡ್ಡವನು. ಅವನು ಚಿಕ್ಕವನಿದ್ದಾಗ ನನ್ನ ಭಾವ ಜಯಶೀಲ ಅಲ್ಲೇ ಹತ್ತಿರದ ಠಾಣೆ ಪಟ್ಟಣದಲ್ಲಿ ಒಂದು ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದ. ಜಾಗ, ಲೈಸೆನ್ಸು ಬೇರೆಯವರದ್ದು. ತಿಂಗಳಿಗೆ ಇಂತಿಷ್ಟು ಕೊಟ್ಟು ನಡೆಸುವುದು. ನಮ್ಮ ಹೋಟೆಲಿನವರು ಅದಕ್ಕೆ ಕಂಡಕ್ಟಿಂಗ್ ಎನ್ನುತ್ತಾರೆ. ಬೆಳಿಗ್ಗೆ ಇಡ್ಲಿಗೆ ಜನ ಸಾಲು ನಿಲ್ಲುತ್ತಿದ್ದ ಕಾಲ ಅದು. ರಂಜನ್‌ನ ಹುಟ್ಟುಹಬ್ಬವೆಂದರೆ ಎ.ಸಿ. ಭಾಗಕ್ಕೆ ಒಂದು ಸಂಜೆ ರಜೆ, ಅವನ ಕ್ಲಾಸಿನ ನಲವತ್ತು ಮಕ್ಕಳಿಗೂ ಪಾವ್ ಭಾಜಿ, ಐಸ್‌ಕ್ರೀಮು. ಅವನಿಗೆ ಸೈಕಲ್ ಬಂತು, ಸ್ಕೇಟಿಂಗ್ ಕ್ಲಾಸ್ ಬಂತು, ಅದು ಬೇಸರವಾದಾಗ ಕೀಬೋರ್ಡ್ ಬಂತು. ಕೇಳಿದರೆ ಸಿಗುತ್ತದೆ, ಇವತ್ತು ಸಿಗದಿದ್ದರೆ ನಾಳೆ ಸಿಗುತ್ತದೆ ಎಂದು ಅವನು ಹನ್ನೊಂದು ವರ್ಷ ತುಂಬುವುದರೊಳಗೆ ಕಲಿತುಬಿಟ್ಟಿದ್ದ.

ಆಮೇಲೆ ಆ ಕಟ್ಟಡ ರಿಡೆವಲಪ್‌ಮೆಂಟಿಗೆ ಹೋಯಿತು. ಜಾಗದ ಯಜಮಾನ ಬಿಲ್ಡರ್ ಜೊತೆ ಸಹಿ ಹಾಕಿ, ಎರಡು ತಿಂಗಳಲ್ಲಿ ಬಿಡಬೇಕೆಂದ. ಕಂಡಕ್ಟಿಂಗ್ ಮಾಡುವವನಿಗೆ ಯಾವ ಹಕ್ಕೂ ಇಲ್ಲ, ಹೊಸ ಕಟ್ಟಡದಲ್ಲಿ ಒಂದು ಅಡಿ ಜಾಗವೂ ಇಲ್ಲ. ಹದಿನಾಲ್ಕು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಜಯಶೀಲ ಗ್ರೈಂಡರನ್ನೂ ಕುರ್ಚಿಗಳನ್ನೂ ಸಿಕ್ಕಿದ ಬೆಲೆಗೆ ಮಾರಿ ಕೈ ತೊಳೆದುಕೊಂಡ. ಠಾಣೆಯ ಫ್ಲ್ಯಾಟು ಬಿಟ್ಟು ಸಮುದ್ರದ ಹಿನ್ನೀರಿನ ಈಚೆ ಕಳವಾ ಎಂಬಲ್ಲಿ ಒಂದು ಕೋಣೆ ಹಿಡಿದರು. ಭಾವ ಕಲ್ಯಾಣದ ಇನ್ನೊಬ್ಬರ ಹೋಟೆಲಿನಲ್ಲಿ ಸಂಬಳಕ್ಕೆ ಸೇರಿದ. ಸಂಬಳ ಒಂದು ತಿಂಗಳು ಬಂದರೆ ಇನ್ನೊಂದು ತಿಂಗಳು ಅರ್ಧ. ಆಗ ಅನುಷ್ಕಾಳಿಗೆ ಐದು ವರ್ಷ.

ಅಂದರೆ ಒಂದೇ ಮನೆಯಲ್ಲಿ, ಒಂದೇ ತಂದೆತಾಯಿಗೆ ಹುಟ್ಟಿದ ಈ ಇಬ್ಬರು ಮಕ್ಕಳು ಬೆಳೆದದ್ದು ಎರಡು ಬೇರೆ ಬೇರೆ ಮನೆಗಳಲ್ಲಿ. ಇದು ನನಗೆ ಈಗ ಕಾಣುತ್ತದೆ. ಆಗ ಯಾರಿಗೂ ಕಾಣಲಿಲ್ಲ. "ಅವನು ಹುಟ್ಟಾ ಹಟಮಾರಿ, ಇವಳು ಹುಟ್ಟಾ ಶಾಂತ" ಎಂದು ಎಲ್ಲರೂ ತೀರ್ಮಾನ ಮಾಡಿ ಮುಗಿಸಿದರು. ಹುಟ್ಟುಗುಣ ಎಂದುಬಿಟ್ಟರೆ ದೊಡ್ಡವರ ತಲೆಯ ಮೇಲೆ ಏನೂ ಬರುವುದಿಲ್ಲವಲ್ಲ! ಅಸಲಿಗೆ ಅನುಷ್ಕಾ ಮೂರು ವರ್ಷದವಳಿದ್ದಾಗ ಹೋಟೆಲಿನ ಬಾಗಿಲಲ್ಲಿ ನಿಂತು, ಒಳಗೆ ಬರುವ ಗಿರಾಕಿಗಳನ್ನೆಲ್ಲ "ನನಗೆ ಏನು ತಂದ್ರಿ?" ಎಂದು ಕೇಳುತ್ತಿದ್ದ ಹುಡುಗಿ. ಅವಳ ಗಂಟಲು ಅಡುಗೆಮನೆಯವರೆಗೆ ಕೇಳುತ್ತಿತ್ತು.

ಕಳವಾಕ್ಕೆ ಬಂದ ಮೇಲೂ ರಂಜನ್ ಕೇಳುವುದನ್ನು ಬಿಡಲಿಲ್ಲ. ಬೂಟು ಬೇಕು, ಮೊಬೈಲು ಬೇಕು, ಗೆಳೆಯರ ಜೊತೆ ಇಮ್ಯಾಜಿಕಾ ಎಂಬ ದುಬಾರಿ ಆಟದ ಪಾರ್ಕಿಗೆ ಹೋಗಬೇಕು. ಇಲ್ಲ ಎಂದರೆ ಊಟ ಬಿಡುತ್ತಿದ್ದ, ಬಾಗಿಲು ಬಡಿಯುತ್ತಿದ್ದ. ಅವನು ಕೇಳಿದ ದಿನ ಗಂಡಹೆಂಡಿರಿಗೆ ಜಗಳ. "ನಿಮ್ಮಿಂದಲೇ ಹಾಳಾದದ್ದು" ಎಂದು ಜಯಲತಾ, "ನಾನೇನು ಕದ್ದು ತರಲಾ?" ಎಂದು ಜಯಶೀಲ. ಜಗಳದ ಕೊನೆಗೆ ಭಾವ ತಟ್ಟೆ ಸರಿಸಿ ಹೊರಗೆ ಹೋಗಿ ನಿಲ್ಲುತ್ತಿದ್ದ. ಹತ್ತಕ್ಕೆ ಹನ್ನೆರಡು ಅಡಿಯ ಕೋಣೆ ಅದು. ಇಷ್ಟೂ ಹೊತ್ತು ಗೋಡೆಗೆ ಒರಗಿ ಉಗುರು ಕಚ್ಚುತ್ತಾ ಕೂತಿರುತ್ತಿದ್ದ ಹುಡುಗಿಯ ಮುಂದೆಯೇ ಎಲ್ಲ ನಡೆಯುತ್ತಿತ್ತು. ಬೇಕು ಎಂಬ ಒಂದು ಮಾತಿನಿಂದ ಅಪ್ಪ ಊಟ ಬಿಟ್ಟು ಹೋಗುತ್ತಾನೆ ಎಂಬುದಷ್ಟೇ ಅವಳು ಅಲ್ಲಿ ಕಲಿತ ಪಾಠ.

ಇಲ್ಲಿ ನಮ್ಮವರ ಒಂದು ಕ್ರಮವನ್ನು ಹೇಳಬೇಕು. ನೆಂಟರ ಮನೆಗೆ ಹೋದ ಮಗು, ಕೊಟ್ಟದ್ದನ್ನು ಕೂಡಲೇ ತೆಗೆದುಕೊಳ್ಳಬಾರದು. ಮೊದಲು "ಬೇಡ" ಎನ್ನಬೇಕು. ಮನೆಯವರು "ತಗೋ ಮಗಾ" ಎಂದು ಒತ್ತಾಯ ಮಾಡಬೇಕು. ಇನ್ನೊಮ್ಮೆ "ಬೇಡ" ಎನ್ನಬೇಕು. ಮೂರನೇ ಸಲ ಕೈಯಲ್ಲಿ ತುರುಕಿದಾಗ ಅಮ್ಮನ ಮುಖ ನೋಡಿ ತೆಗೆದುಕೊಳ್ಳಬೇಕು. ಹೀಗೆ ಮಾಡಿದ ಮಗು ಸಂಸ್ಕಾರವಂತ ಮಗು. ನಾವೆಲ್ಲ ಹೀಗೆಯೇ ಬೆಳೆದವರು. ಲಾಡಿನ ಮೇಲೆ ಕಣ್ಣಿಟ್ಟುಕೊಂಡೇ ಎರಡು ಸಲ ಬೇಡ ಎಂದವರು. ಹಾಗಾಗಿ ಅನುಷ್ಕಾ ಬೇಡ ಎಂದಾಗ ನಮಗೆ ಕೇಳಿಸಿದ್ದು ಮರ್ಯಾದೆ ಮಾತ್ರ. ಮೂರನೇ ಸಲವೂ ಅವಳು ಕೈ ಹಿಂದಕ್ಕೆ ಕಟ್ಟಿಕೊಂಡೇ ನಿಂತಿದ್ದಳೆಂಬುದನ್ನು ಯಾರೂ ಗಮನಿಸಲಿಲ್ಲ. ನಿಜ ಹೇಳಬೇಕೆಂದರೆ ಕೆಲವರು ಮೂರನೇ ಸಲ ಕೇಳಲೇ ಇಲ್ಲ. ಕೇಳಿದರೆ ಕೊಡಬೇಕಾಗುತ್ತದಲ್ಲ.

ಅವಳಿಗೆ ಏಳು ವರ್ಷವಿದ್ದಾಗ ಜೂನ್ ತಿಂಗಳಲ್ಲಿ ನಮ್ಮ ಮನೆಗೆ ಬಂದಿದ್ದಳು. ನನ್ನ ಮಗಳು ಮಾನಸಿಗೆ ಶಾಲೆಯ ಬೂಟು ತರಲು ಕಲ್ಯಾಣ ಸ್ಟೇಷನ್ ಹತ್ತಿರದ ಅಂಗಡಿಗೆ ಹೋದಾಗ ಇವಳನ್ನೂ ಕರೆದುಕೊಂಡು ಹೋದೆ. ಮಾನಸಿ ನಾಲ್ಕು ಜೋಡಿ ಹಾಕಿ ನೋಡಿ, ಐದನೆಯದಕ್ಕೆ ಅತ್ತಳು. ಅನುಷ್ಕಾಳ ಬೂಟಿನ ತುದಿ ಬಾಯಿ ಬಿಟ್ಟು ಕಾಲ್ಚೀಲ ಕಾಣುತ್ತಿತ್ತು. "ನಿನಗೂ ಒಂದು ತಗೋ" ಎಂದೆ. "ಬೇಡ ಮಾಮಾ, ಹೊಸದು ಕಚ್ಚುತ್ತದೆ, ನನಗೆ ಹಳೆಯದೇ ಇಷ್ಟ" ಎಂದಳು. ಅಂಗಡಿಯವನೂ ನಕ್ಕ. ನಾನು ಏನು ಮಾಡಿದೆ ಗೊತ್ತೇ? ಅತ್ತ ನನ್ನ ಮಗಳ ಕಡೆ ತಿರುಗಿ, "ನೋಡು, ಇವಳನ್ನು ನೋಡಿ ಕಲಿ" ಎಂದು ಎಲ್ಲರ ಮುಂದೆ ಬೈದೆ. ಅನುಷ್ಕಾಳಿಗೆ ಬೂಟು ಕೊಡಿಸಲಿಲ್ಲ. ಬೂಟಿನ ಬದಲು ಹೊಗಳಿಕೆ ಕೊಟ್ಟು ಮನೆಗೆ ಕರೆತಂದೆ. ಅಂದಿನಿಂದ ಮಾನಸಿಗೆ ಇವಳನ್ನು ಕಂಡರೆ ಆಗುವುದಿಲ್ಲ. ಇದ್ದ ಒಬ್ಬ ಓರಗೆಯ ಗೆಳತಿಯನ್ನೂ ನಾನೇ ತಪ್ಪಿಸಿದ ಹಾಗಾಯಿತು.

ಆಮೇಲೆ ಬೇಡ ಎಂಬುದರ ಜಾಗಕ್ಕೆ "ಇಷ್ಟ ಇಲ್ಲ" ಬಂತು. ಅದು ಇನ್ನೂ ಸುಲಭ, ಯಾರೂ ಒತ್ತಾಯವನ್ನೇ ಮಾಡುವುದಿಲ್ಲ. ಶಾಲೆಯ ಪಿಕ್ನಿಕ್ ಅವಳಿಗೆ ಇಷ್ಟವಿಲ್ಲ. ಶಾಲಾ ವಾರ್ಷಿಕೋತ್ಸವದಲ್ಲಿ ಡಾನ್ಸ್ ಮಾಡುವುದು ಇಷ್ಟವಿಲ್ಲ, ಯಾಕೆಂದರೆ ಅದಕ್ಕೆ ಬಾಡಿಗೆ ಡ್ರೆಸ್ಸು ಬೇಕು. ಕೇಕ್ ಇಷ್ಟವಿಲ್ಲ. ಶಾಲೆಯಿಂದ ಯಾವುದಾದರೂ ಹಣದ ಚೀಟಿ ಬಂದ ದಿನ ಮಾತ್ರ ಅವಳಿಗೆ ಹೊಟ್ಟೆನೋವು. ಡಾಕ್ಟರು ಗ್ಯಾಸ್ ಎಂದು ಮಾತ್ರೆ ಕೊಟ್ಟರು. ಲಾಕ್‌ಡೌನಿನಲ್ಲಿ ಹೋಟೆಲುಗಳು ಮುಚ್ಚಿ ಭಾವ ಮನೆಯಲ್ಲಿ ಕೂತಾಗ ಇಬ್ಬರು ಮಕ್ಕಳಿಗೆ ಒಂದೇ ಮೊಬೈಲು. ರಂಜನ್ ಹನ್ನೆರಡನೇ ತರಗತಿಯ ಹೆಸರಿನಲ್ಲಿ ಅದನ್ನು ಕೈಬಿಡಲಿಲ್ಲ. "ನಮ್ಮ ಕ್ಲಾಸಿಗೆ ಆನ್‌ಲೈನ್ ಇಲ್ಲ, ಟೀಚರ್ ನೋಟ್ಸ್ ಕೊಡ್ತಾರಂತೆ" ಎಂದು ಅನುಷ್ಕಾ ಮೂರು ತಿಂಗಳು ಸುಳ್ಳು ಹೇಳಿದಳು. ಟೀಚರ್ ಫೋನ್ ಮಾಡಿದ ಮೇಲೆ ಗುಟ್ಟು ಗೊತ್ತಾಯಿತು. ಆಗಲೂ ನಾವು ಹೆದರಲಿಲ್ಲ, ಹೊಗಳಿದೆವು. "ಎಷ್ಟು ಅಡ್ಜಸ್ಟ್ ಮಾಡ್ತದೆ ನೋಡಿ ಮಗು!" ಹನ್ನೊಂದು ವರ್ಷದ ಮಗು ಮೂರು ತಿಂಗಳು ಒಂದೇ ಸುಳ್ಳನ್ನು ಕಾಪಾಡಿಕೊಂಡು ಬಂದಿದೆಯೆಂದರೆ ಅದರ ಒಳಗೆ ಏನಾಗುತ್ತಿದೆ ಎಂದು ಕೇಳುವ ಒಬ್ಬ ದೊಡ್ಡ ಮನುಷ್ಯ ನಮ್ಮಲ್ಲಿ ಇರಲಿಲ್ಲ.

ರಂಜನ್‌ನ ವಿಷಯ ಹೇಳಿಬಿಡುತ್ತೇನೆ. ಅವನು ಜಗಳ ಮಾಡಿಯೇ ಕಾಲೇಜು ಮುಗಿಸಿದ, ಐರೋಲಿಯಲ್ಲಿ ಕೆಲಸ ಹಿಡಿದ. ಮೇಲಿನವನು ಸರಿಯಾಗಿ ಮಾತಾಡಲಿಲ್ಲ ಎಂದು ಆ ಕೆಲಸ ಬಿಟ್ಟು ಇನ್ನೊಂದು ಹಿಡಿದ. ಬಾಯಿ ಜೋರು. ನೆಂಟರಲ್ಲಿ ಅವನಿಗೆ ಒಳ್ಳೆಯ ಹೆಸರಿಲ್ಲ. ಆದರೆ ರಾತ್ರಿ ನಿದ್ದೆ ಬರುತ್ತದೆ, ಹೊಟ್ಟೆನೋವಿಲ್ಲ, ನಾಲ್ಕು ಗೆಳೆಯರಿದ್ದಾರೆ. ನಾವು ಕೆಟ್ಟವನು ಎಂದ ಹುಡುಗ ಗಟ್ಟಿಯಾಗಿದ್ದಾನೆ. ಒಳ್ಳೆಯವಳು ಎಂದ ಹುಡುಗಿಗೆ ಕಚ್ಚಿ ಕಚ್ಚಿ ಹತ್ತು ಬೆರಳಲ್ಲೂ ಉಗುರಿಲ್ಲ.

ಎರಡು ವರ್ಷದ ಹಿಂದೆ ಜಯಶೀಲನ ದೆಸೆ ತಿರುಗಿತು. ರಬಾಳೆಯ ಒಂದು ಕಾರ್ಖಾನೆಯ ಕ್ಯಾಂಟೀನ್ ಕಾಂಟ್ರ್ಯಾಕ್ಟು ಗೆಳೆಯನ ಪಾಲುದಾರಿಕೆಯಲ್ಲಿ ಸಿಕ್ಕಿತು. ಮೂರು ಶಿಫ್ಟಿಗೂ ಊಟ, ತಿಂಡಿ. ಮನೆಗೆ ಮತ್ತೆ ಹಣ ಬರತೊಡಗಿತು. ಕಳವಾದಲ್ಲೇ ಒನ್ ಬಿಎಚ್‌ಕೆ ಫ್ಲ್ಯಾಟಿಗೆ ಹೋದರು. ಭಾವ ಒಳ್ಳೆಯ ಮನುಷ್ಯ. ಕೈಗೆ ಬಂದ ಕೂಡಲೇ ಮಗಳ ನೆನಪಾಯಿತು. ಅವಳ ಹುಟ್ಟುಹಬ್ಬದ ದಿನ ಠಾಣೆಯ ಮಾಲ್‌ಗೆ ಕರೆದುಕೊಂಡು ಹೋಗಿ, ಕೈಯಲ್ಲಿ ಐದು ಸಾವಿರ ಇಟ್ಟು, "ನಿನಗೆ ಬೇಕಾದ್ದು ತಗೋ ಮಗಾ, ನಾನು ಇಲ್ಲೇ ಕೂತಿರ್ತೇನೆ" ಎಂದನಂತೆ. ಎರಡು ಗಂಟೆ ಕಳೆದ ಮೇಲೆ ಅವಳು ವಾಪಸ್ಸು ಬಂದಳು. ಕೈಯಲ್ಲಿ ಅಪ್ಪನಿಗೆ ಕಾಲ್ಚೀಲ, ಅಮ್ಮನಿಗೆ ಒಂದು ಡಬ್ಬಿ. ಉಳಿದ ಹಣ ಹಾಗೆಯೇ ಇತ್ತು. ಈ ಕಥೆಯನ್ನು ಭಾವ ಕಣ್ಣಲ್ಲಿ ನೀರು ತುಂಬಿಕೊಂಡು ಎಲ್ಲರಿಗೂ ಹೇಳಿದ. ನಾವೆಲ್ಲ "ಎಂಥಾ ಮಗಳು!" ಎಂದೆವು. ಅವಳು ಎರಡು ಗಂಟೆ ಆ ಅಂಗಡಿಗಳ ನಡುವೆ ಏನು ಮಾಡುತ್ತಿದ್ದಳು ಎಂದು ಯಾರೂ ಕೇಳಲಿಲ್ಲ.

ಈ ಜೂನ್‌ನಲ್ಲಿ ಹತ್ತನೇ ತರಗತಿಯ ಫಲಿತಾಂಶ ಬಂದು ಅವಳಿಗೆ ಶೇಕಡಾ ತೊಂಬತ್ಮೂರು ಸಿಕ್ಕಿತು. ನಮ್ಮಲ್ಲಿ ಹನ್ನೊಂದನೇ ತರಗತಿಗೆ ಸೇರಲು ಆನ್‌ಲೈನ್ ಫಾರ್ಮ್ ತುಂಬಬೇಕು. ಯಾವ ವಿಭಾಗ, ಯಾವ ಕಾಲೇಜು ಬೇಕೆಂದು ಒಂದರಿಂದ ಹತ್ತರವರೆಗೆ ಇಷ್ಟದ ಕ್ರಮದಲ್ಲಿ ಬರೆಯಬೇಕು. ಕುಟುಂಬದಲ್ಲಿ ಯಾರಿಗೆ ಯಾವ ಫಾರ್ಮ್ ತುಂಬಬೇಕಾದರೂ ನನಗೇ ಕರೆ ಬರುತ್ತದೆ. ಕೊನೆಯ ದಿನ, ಭಾನುವಾರ ಮಧ್ಯಾಹ್ನ, ಊಟ ಮುಗಿಸಿ ಕಳವಾಕ್ಕೆ ಹೋದೆ. ಆರು ಗಂಟೆಗೆ ಸೈಟ್ ಮುಚ್ಚುತ್ತಿತ್ತು.

ಅದರ ಹಿಂದಿನ ವಾರ ಅವಳ ವಿಜ್ಞಾನದ ಮೇಷ್ಟ್ರು ಅಭಿಜಿತ್ ಸರ್ ಜಯಲತಾಳಿಗೆ ಫೋನ್ ಮಾಡಿದ್ದರು. ಮರಾಠಿ ಮನುಷ್ಯ, ನೇರ ಮಾತು. "ನಿಮ್ಮ ಮಗಳನ್ನು ಸೈನ್ಸ್ ಬಿಟ್ಟು ಬೇರೆಲ್ಲೂ ಹಾಕಬೇಡಿ. ಎರಡು ವರ್ಷದಿಂದ ಲ್ಯಾಬ್ ಗುಡಿಸಲಿಕ್ಕೆ, ಗಾಜಿನ ಪಟ್ಟಿ ತೊಳೆಯಲಿಕ್ಕೆ ಅವಳೇ ಮುಂದೆ ಬರ್ತಾಳೆ. ಮೊದಲು ನಾನೂ ಸೇವಾಭಾವ ಅಂದುಕೊಂಡಿದ್ದೆ. ಒಂದು ದಿನ ಮರೆತ ಕೊಡೆಗೆ ವಾಪಸ್ಸು ಬಂದರೆ, ಗುಡಿಸುವುದು ಬಿಟ್ಟು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನಿಂತಿದ್ದಾಳೆ. ಹಾಳೆಯಲ್ಲಿ ಈರುಳ್ಳಿ ಸಿಪ್ಪೆಯ ಚಿತ್ರ ಬಿಡಿಸಿದ್ದಾಳೆ, ಪುಸ್ತಕದಲ್ಲಿ ಇರುವುದಕ್ಕಿಂತ ಚೆನ್ನಾಗಿ. ಒಂದು ಸಲ ನೋಡ್ಲಾ ಸರ್ ಅಂತ ಕೇಳಿದ್ದರೆ ನಾನು ಬೇಡ ಅಂತಿದ್ದೆನೇ?" ಜಯಲತಾ ಇದನ್ನು ನನಗೆ ಹೇಳುವಾಗ ಅವಳ ಧ್ವನಿಯಲ್ಲಿ ಮೊದಲ ಸಲ ಹೆಮ್ಮೆ ಇರಲಿಲ್ಲ. "ಕಸ ಗುಡಿಸಿ ನೋಡ್ಬೇಕಾ ಅಣ್ಣಾ, ನನ್ನ ಮಗಳು?" ಎಂದು ಅತ್ತಳು.

ನಾನು ಹೋಗುವಷ್ಟರಲ್ಲಿ ಅನುಷ್ಕಾ ಲ್ಯಾಪ್‌ಟಾಪಿನಲ್ಲಿ ಫಾರ್ಮ್ ತುಂಬಿ ಇಟ್ಟಿದ್ದಳು. ಹತ್ತು ಸಾಲುಗಳಲ್ಲಿ ಒಂದೇ ಸಾಲು ತುಂಬಿತ್ತು. ಕಾಮರ್ಸ್, ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಕಾಲೇಜು.

"ಇದೆಂತ ಮಗಾ, ಒಂದೇ?" ಎಂದೆ.

ಅವಳಿಗೆ ನಮ್ಮ ತುಳು, ಕನ್ನಡ ಎಲ್ಲ ಅರ್ಥವಾಗುತ್ತದೆ. ಉತ್ತರ ಮಾತ್ರ ಹೆಚ್ಚಾಗಿ ಹಿಂದಿಯಲ್ಲಿ. "ಬಸ್ ಮಾಮಾ, ಇಷ್ಟು ಸಾಕು. ಟ್ರೈನ್ ಪಾಸ್ ಕೂಡ ಬೇಡ" ಎಂದಳು.

"ಸೈನ್ಸ್?"

"ನನಗೆ ಸೈನ್ಸ್ ಇಷ್ಟ ಇಲ್ಲ."

ಜಯಶೀಲ ಸೋಫಾದ ಮೇಲೆ ಕೂತಿದ್ದ. "ನಾನು ಯಾವತ್ತೂ ಫೋರ್ಸ್ ಮಾಡಿದವನಲ್ಲ ಭಾವಾ. ಅವಳಿಗೆ ಏನು ಇಷ್ಟವೋ ಅದೇ ಆಗಲಿ. ಈಗ ದೇವರು ಕೊಟ್ಟಿದ್ದಾನೆ, ಖರ್ಚಿನ ಯೋಚನೆ ಇಲ್ಲ" ಎಂದ. ರಂಜನ್ ಒಳಗಿನಿಂದ ಬಂದು, "ಅರೇ ಬೋಲ್ ನಾ ಪಾಗಲ್, ಏನು ಬೇಕು? ನಾನಾಗಿದ್ರೆ ಹತ್ತೂ ಸಾಲು ಐದು ನಿಮಿಷದಲ್ಲಿ ತುಂಬ್ತಿದ್ದೆ" ಎಂದು ಕೂಗಿದ. ಜಯಲತಾ ಅಡುಗೆಮನೆಯ ಬಾಗಿಲಲ್ಲಿ ಸೆರಗು ಹಿಡಿದು ನಿಂತಿದ್ದಳು.

ನಾನು ಮೆಲ್ಲಗೆ ಹೇಳಿದೆ, "ಅಭಿಜಿತ್ ಸರ್ ಫೋನ್ ಮಾಡಿದ್ರು. ಲ್ಯಾಬಿನಲ್ಲಿ ನೀನು ಸೂಕ್ಷ್ಮದರ್ಶಕ ನೋಡ್ತಿದ್ದಿಯಂತೆ."

ಅವಳ ಮುಖ ಬಿಳಿಚಿಕೊಂಡಿತು. ಏನೋ ಕದ್ದು ಸಿಕ್ಕಿಬಿದ್ದವಳ ಹಾಗೆ ಎದ್ದು ನಿಂತಳು. "ಇಲ್ಲ ಮಾಮಾ, ನಾನು ಕ್ಲೀನ್ ಮಾಡ್ತಿದ್ದೆ ಅಷ್ಟೇ. ಏನೂ ಒಡೆದಿಲ್ಲ. ಸರ್‌ಗೆ ಸಿಟ್ಟು ಬಂದಿದ್ಯಾ? ನಾನು ಸಾರಿ ಹೇಳ್ತೇನೆ."

ಗಂಟೆ ಐದಾಯಿತು. ಕೇಳಿದೆ, ಬೇರೆ ರೀತಿಯಲ್ಲಿ ಕೇಳಿದೆ, ಠಾಣೆಯ ಹತ್ತು ಕಾಲೇಜುಗಳ ಹೆಸರು ಓದಿ ಹೇಳಿದೆ. ಕಾಲೇಜಿನ ಚಿತ್ರ ತೋರಿಸಿದೆ, ಲ್ಯಾಬ್ ತೋರಿಸಿದೆ. ಎಲ್ಲದಕ್ಕೂ "ಇಷ್ಟ ಇಲ್ಲ", "ಬೇಡ", "ಇದೇ ಠೀಕ್ ಹೈ". ಹೇಳುವಾಗ ಒಮ್ಮೆಯೂ ನನ್ನನ್ನು ನೋಡಲಿಲ್ಲ, ಅಪ್ಪನ ಕಡೆಯೇ ಕಣ್ಣು. ನನಗೆ ತಲೆ ಕೆಟ್ಟುಹೋಯಿತು. ಯಾರ ಮೇಲೆ ಬಂದ ಸಿಟ್ಟೋ, ಬಹುಶಃ ನನ್ನ ಮೇಲೆಯೇ ಬಂದದ್ದು, ಅವಳ ಮೇಲೆ ಹೋಯಿತು. ಮೇಜಿನ ಮೇಲೆ ಕೈ ಬಡಿದು ಕಿರುಚಿದೆ.

"ಸಾಕು ಮಾಡು ಈ ನಾಟಕ! ಹದಿನಾರು ವರ್ಷವಾಯ್ತು, ನಿನಗೆ ಏನು ಬೇಕು ಅಂತ ಒಂದು ಸಲ, ಒಂದೇ ಒಂದು ಸಲ ಬಾಯಿ ಬಿಟ್ಟು ಹೇಳಲಿಕ್ಕೆ ಆಗುವುದಿಲ್ವಾ?"

ಅನುಷ್ಕಾ ಅಳುತ್ತಾಳೆ ಎಂದುಕೊಂಡೆ. ಅತ್ತಿದ್ದರೆ ಚೆನ್ನಾಗಿತ್ತು. ಅವಳು ಎರಡೂ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು, ತೊದಲುತ್ತಾ, ಹಿಂದಿ ಬಿಟ್ಟು ನಮ್ಮ ಮಾತಿನಲ್ಲೇ ಹೇಳಿದಳು.

"ಸಾರಿ ಮಾಮಾ. ಸಿಟ್ಟು ಮಾಡ್ಬೇಡಿ. ನನಗೆ ನಿಜವಾಗ್ಲೂ ಗೊತ್ತಾಗ್ತಾ ಇಲ್ಲ. ಏನು ಬೇಕು ಅಂತ ಹೇಳಿದ್ರೆ ನಿಮಗೆಲ್ಲ ಬೇಜಾರಾಗುವುದಿಲ್ಲ? ಅದನ್ನು ಹೇಳಿ. ನಾನು ಅದೇ ಬರೀತೇನೆ."

ಜಯಲತಾ ಅಲ್ಲೇ ನೆಲದ ಮೇಲೆ ಕುಕ್ಕರಿಸಿದಳು. ಬಾಯಿಬಡಕ ರಂಜನ್ ಕೂಡ ಕಿಟಕಿಯ ಕಡೆ ತಿರುಗಿದ. ದುಡಿಮೆ ಹೋದಾಗ ಮನೆಯಿಂದ ಏನೇನು ಹೋಯಿತೋ ಅದೆಲ್ಲ ಈಗ ವಾಪಸ್ಸು ಬಂದಿದೆ. ಫ್ಲ್ಯಾಟು ಬಂತು, ಸೋಫಾ ಬಂತು, ಫ್ರಿಜ್ಜು ಬಂತು. ಬೇಕು ಎನ್ನುವ ಈ ಒಂದು ಮಾತು ಮಾತ್ರ ಹಣದ ಹಿಂದೆ ಬರಲಿಲ್ಲ. ಅದು ಬರುತ್ತದೆ ಎಂದು ನಂಬಿ ಎರಡು ವರ್ಷ ಸುಮ್ಮನೆ ಕೂತೆವಲ್ಲ, ಎಂಥ ಮಂಕುಗಳು ನಾವು!

ಐದೂ ನಲವತ್ತಕ್ಕೆ ಜಯಶೀಲ ಎದ್ದು ಬಂದು ಮಗಳ ಪಕ್ಕ ನಿಂತ. "ಸೈನ್ಸ್ ಹಾಕು ಮಗಾ. ನನಗೆ ಬೇಜಾರಿಲ್ಲ" ಎಂದ. ಅವಳು ಕೂಡಲೇ ಕೂತು ಹತ್ತೂ ಸಾಲನ್ನು ತುಂಬಿದಳು. ನಾನು ಓದಿ ಹೇಳಿದ ಕಾಲೇಜುಗಳ ಹೆಸರು ಅವಳಿಗೆ ಕ್ರಮವಾಗಿ ನೆನಪಿತ್ತು. ಒಂದು ಕಡೆಯೂ ತಡವರಿಸಲಿಲ್ಲ. ಅದನ್ನು ನೋಡಿ ನನಗೆ ಒಂದು ಕ್ಷಣ ಆಸೆಯಾಯಿತು, ಒಳಗೆಲ್ಲೋ ಇದೇ ಬೇಕಿತ್ತೇನೋ ಎಂದು. ಇರಬಹುದು. ಗೊತ್ತಿಲ್ಲ.

ಫಾರ್ಮ್ ಹೋಯಿತು ಎಂದು ಪರದೆಯಲ್ಲಿ ಬಂದಾಗ ಅವಳು ಅದನ್ನು ನೋಡಲಿಲ್ಲ. ತಲೆಯೆತ್ತಿ ಅಪ್ಪನ ಮುಖ ನೋಡಿದಳು.

"ಪಪ್ಪಾ, ಆಪ್ ಖುಷ್ ಹೋ ನಾ?"

"ಹೌದು ಮಗಾ, ಖುಷಿಯೇ."

"ಹಾಗಾದ್ರೆ ನನಗೂ ಖುಷಿ" ಎಂದಳು ಅನುಷ್ಕಾ.